ಕಾವಲಿನಿಂದ ರನ್‌ವೇಗೆ: ಚಳ್ಳಕೆರೆಯಲ್ಲಿ ಮರುಬಳಕೆಯ ರಾಕೆಟ್

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ವರವು ಕಾವಲು, ಅಮೃತಮಹಲ್ ದನಗಳ ಮೇವಿಗೆಂದು ಮೀಸಲಾಗಿದ್ದ ವಿಶಾಲ ಹುಲ್ಲುಗಾವಲುಗಳಲ್ಲಿ ಒಂದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಇಲಾಖೆಯಾಗಿದ್ದ ದನಸಾಕಣೆಯು ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಅಮೃತಮಹಲ್ ಎನಿಸಿಕೊಂಡು, ಸೇನೆಯ ಫಿರಂಗಿಗಳನ್ನು ಎಳೆಯುವ ಎತ್ತುಗಳನ್ನು ಒದಗಿಸುತ್ತಿತ್ತು. ಇಂಥ ಕಾವಲುಗಳನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿದಾಗ ಸುತ್ತಲಿನ ಹಳ್ಳಿಗರ ಮೇವಿನ ಹಕ್ಕಿನ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಮುಂದೆ 2017ರ ಮೇ ತಿಂಗಳಲ್ಲಿ ವರವು ಕಾವಲಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಗೊಂಡಿತು; ಮರುಬಳಕೆಯ ರಾಕೆಟ್ಟಿನ ಪ್ರಯೋಗಕ್ಕೆ ರನ್‌ವೇ ಒದಗಿಸಿದ್ದು ಇದೇ ವಲಯ.

ಸಾಮಾನ್ಯ ರಾಕೆಟ್ಟಿನ ಹಂತಗಳು ಇಂಧನ ತೀರಿದಂತೆ ಕಳಚಿ ಸಮುದ್ರಕ್ಕೆ ಬೀಳುವುದರಿಂದ ಪ್ರತಿ ಉಡಾವಣೆಗೂ ಹೊಸ ಎಂಜಿನ್, ಹೊಸ ಕವಚ ಬೇಕಾಗುತ್ತವೆ. ಈ ವೆಚ್ಚ ತಗ್ಗಿಸಲು ಎರಡು ದಾರಿಗಳಿವೆ. ಅಮೆರಿಕದ ಫಾಲ್ಕನ್-9ರ ಮೊದಲ ಹಂತವು ಉಳಿಸಿಕೊಂಡ ಇಂಧನವನ್ನು ಉರಿಸಿ ವೇಗ ತಗ್ಗಿಸಿಕೊಂಡು ಕಾಲೂರಿ ನೆಟ್ಟಗೆ ಇಳಿಯುತ್ತದೆ. ಇದು ಮೊದಲು ಸಾಧ್ಯವಾದದ್ದು 2015ರ ಡಿಸೆಂಬರಿನಲ್ಲಿ. ಇನ್ನೊಂದು, 1981ರಿಂದ 2011ರವರೆಗೆ ಹಾರಿದ ಸ್ಪೇಸ್ ಷಟಲ್ ಹಿಡಿದ ದಾರಿ: ರೆಕ್ಕೆಯ ವಾಹನವು ಶಾಖನಿರೋಧಕ ಹೊದಿಕೆಯೊಂದಿಗೆ ವಾತಾವರಣವನ್ನು ಹೊಕ್ಕು, ಗಾಳಿಯ ತಡೆಯಿಂದಲೇ ವೇಗ ಕಳೆದುಕೊಂಡು, ಎಂಜಿನ್ನಿನ ನೆರವಿಲ್ಲದೆ ತೇಲುತ್ತಾ ರನ್‌ವೇಗೆ ಬರುತ್ತದೆ.

ಇಸ್ರೋ ತನ್ನ ಪರೀಕ್ಷಾ ವಾಹನಕ್ಕೆ ಎರಡನೆಯ ದಾರಿಯನ್ನು ಆರಿಸಿಕೊಂಡಿತು. 2016ರ ಮೇ 23ರಂದು ಶ್ರೀಹರಿಕೋಟಾದಿಂದ ಹಾರಿದ 1.75 ಟನ್ ತೂಕದ ವಾಹನವು ಸುಮಾರು 65 ಕಿಲೋಮೀಟರ್ ಎತ್ತರಕ್ಕೇರಿ, ಶಬ್ದದ ಐದು ಪಟ್ಟು ವೇಗದಲ್ಲಿ ಮರಳಿ, ಬಂಗಾಳ ಕೊಲ್ಲಿಯ ಮೇಲೆ ಗುರುತಿಸಿದ್ದ ಕಾಲ್ಪನಿಕ ರನ್‌ವೇಯತ್ತ ಇಳಿಯಿತು. ನಿಜವಾದ ರನ್‌ವೇ ಸಿಕ್ಕಿದ್ದು ಚಳ್ಳಕೆರೆಯಲ್ಲಿ. 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ 4.5 ಕಿಲೋಮೀಟರ್ ಎತ್ತರದಿಂದ ವಾಹನವನ್ನು ಕಳಚಿಬಿಟ್ಟಿತು. ಅದು ಚಾಲಕನಿಲ್ಲದೆ ತನ್ನ ಸ್ಥಾನ, ಎತ್ತರ ಮತ್ತು ಗಾಳಿಯ ಒತ್ತಡವನ್ನು ತಾನೇ ಅಳೆದುಕೊಂಡು ನೆಲಮುಟ್ಟಿತು. ಕೊನೆಯ ಪರೀಕ್ಷೆಯಲ್ಲಿ ಬೇಕೆಂದೇ ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ದ ‘ಪುಷ್ಪಕ್’ ಹೆಸರಿನ ಈ ವಾಹನ ದಾರಿ ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಇಳಿದು, ಪ್ಯಾರಾಚೂಟ್ ಮತ್ತು ಚಕ್ರದ ಬ್ರೇಕುಗಳಿಂದ ನಿಂತಿತು. ಮಾರ್ಚಿನಲ್ಲಿ ಇಳಿದಿದ್ದ ರೆಕ್ಕೆಯ ಒಡಲನ್ನೇ ಅದರಲ್ಲಿ ಮತ್ತೆ ಬಳಸಲಾಗಿತ್ತು.

ಈ ಪರೀಕ್ಷೆಗಳು ಖಚಿತಪಡಿಸಿದ್ದು ಮರುಪ್ರಯಾಣದ ಕೊನೆಯ ಕೆಲವು ಕಿಲೋಮೀಟರುಗಳನ್ನು ಮಾತ್ರ. ಭೂಕಕ್ಷೆಯ ವೇಗ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್, ಅಂದರೆ 2016ರ ಹಾರಾಟದ ವೇಗದ ಸುಮಾರು ಐದು ಪಟ್ಟು; ಚಲನೆಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಕಕ್ಷೆಯಿಂದ ಮರಳುವ ವಾಹನವು ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು ಇಪ್ಪತ್ತೈದು ಪಟ್ಟು ಶಕ್ತಿಯನ್ನು ತಾಪವಾಗಿ ಕಳೆದುಕೊಳ್ಳಬೇಕಾಗುತ್ತದೆ. ಚಳ್ಳಕೆರೆಯ ರನ್‌ವೇಯಲ್ಲಿ ಕಲಿತದ್ದು ಪೂರ್ಣ ಫಲ ಕೊಡುವುದು ಆ ತಾಪವನ್ನು ತಾಳಿ ಬಂದ ವಾಹನಕ್ಕೇ.