ತಲೆಪೆಟ್ಟು, ಅಪಸ್ಮಾರ ಮತ್ತು ಮಿದುಳಿನ ಚಿತ್ರಣ

ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಹೊಸಪೇಟೆಯಲ್ಲಾಗಲಿ, ಅದಿರಿನ ಲಾರಿಗಳು ಓಡಾಡುವ ಸಂಡೂರಿನ ಬೆಟ್ಟದ ದಾರಿಯಲ್ಲಾಗಲಿ, ಕಂಪ್ಲಿಯ ಗದ್ದೆಬಯಲಿನ ನಡುವಣ ಹಾದಿಯಲ್ಲಾಗಲಿ, ಹಂಪಿಯ ಯಾತ್ರಿಕರ ವಾಹನಸಂದಣಿಯಲ್ಲಾಗಲಿ ತಲೆಗೆ ಬಲವಾದ ಪೆಟ್ಟು ತಿಂದವನು ಬದುಕಿ ಮನೆ ಸೇರಿದನೆಂದರೆ, ಕಂಟಕವು ಕಳೆಯಿತೆಂದು ಬಂಧುಗಳು ನೆಮ್ಮದಿ ತಾಳುವುದು ಸಹಜವೇ. ಆದರೆ ಗಾಯ ಮಾದು ತಿಂಗಳುಗಳೋ ವರ್ಷಗಳೋ ಸಂದ ಮೇಲೆ, ನಮ್ಮ ಜನರು ಫಿಟ್ಸ್ ಎಂದೂ ಮೂರ್ಛೆರೋಗವೆಂದೂ ಕರೆಯುವ ಅಪಸ್ಮಾರವು ಆ ಪೆಟ್ಟಿನ ಫಲವಾಗಿಯೇ ತಲೆದೋರುವುದುಂಟು. ಅದು ಯಾರಿಗೆ ಬಂದೀತು, ಯಾರಿಗೆ ಬಾರದು ಎಂಬುದನ್ನು ಮುಂಚಿತವಾಗಿ ಅರಿಯುವ ವಿದ್ಯೆಯು ಬೆಳೆದ ಬಗೆಯನ್ನು ಇಲ್ಲಿ ನಿರೂಪಿಸಿದೆ.

ಮೊದಲಿಗೆ ವೈದ್ಯರಿಗಿದ್ದ ಮುಖ್ಯ ಆಧಾರವು ರೋಗಲಕ್ಷಣಗಳು ಮತ್ತು ತಲೆಬುರುಡೆಯ ಕ್ಷ-ಕಿರಣ ಚಿತ್ರಗಳಷ್ಟೆ. ಬ್ರಿಟನ್ನಿನ ಶಸ್ತ್ರವೈದ್ಯ ಬ್ರಯಾನ್ ಜೆನೆಟ್ಟರು 1962ರಲ್ಲಿ ಪ್ರಕಟಿಸಿದ ಗ್ರಂಥವು, ಮೊದಲ ವಾರದಲ್ಲೇ ಸೆಳವು ಬಂದವರು, ಬುರುಡೆಯ ಎಲುಬು ಒಳಕ್ಕೆ ಕುಸಿದವರು, ಒಳಗೆ ರಕ್ತ ಹೆಪ್ಪುಗಟ್ಟಿದವರು ಹೆಚ್ಚಿನ ಅಪಾಯಕ್ಕೆ ಗುರಿಯಾಗುವರೆಂದು ತೋರಿಸಿತು. ಅಮೆರಿಕದ ಮಿನ್ನೆಸೋಟ ಪ್ರಾಂತದ 4,541 ಮಂದಿಯನ್ನು ಕುರಿತು 1998ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಐದು ವರ್ಷಗಳೊಳಗೆ ಸೆಳವು ಬರುವ ಸಂಭವವು ಲಘುವಾದ ಪೆಟ್ಟಿನವರಲ್ಲಿ ಶೇಕಡಾ 0.7, ತೀವ್ರವಾದ ಪೆಟ್ಟಿನವರಲ್ಲಿ ಶೇಕಡಾ 10.

1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡ್ ಎಂಬವರು ರೂಪಿಸಿದ ಸಿ.ಟಿ. ಯಂತ್ರವು ಪ್ರಥಮವಾಗಿ ರೋಗಿಯ ಮಿದುಳನ್ನು ಪದರಪದರವಾಗಿ ತೋರಿದಾಗ, ಅದುವರೆಗೆ ಊಹೆಗೆ ಮಾತ್ರ ಗೋಚರವಾಗಿದ್ದುದು ಕಣ್ಣಿಗೆ ಗೋಚರವಾಯಿತು. 2003ರಲ್ಲಿ 647 ಗಾಯಾಳುಗಳ ಚಿತ್ರಗಳನ್ನು ಪರಿಶೀಲಿಸಿದ ಸಂಶೋಧಕರು, ಮಿದುಳಿನ ಎರಡೂ ಪಾರ್ಶ್ವಗಳ ಮೇಲ್ಭಾಗವು ಜಜ್ಜಿಹೋದವರಲ್ಲಿ ಅಪಾಯವು ಅತ್ಯಧಿಕವೆಂದು ಕಂಡರು.

ಕಾರಣವೇನೆಂಬ ಪ್ರಶ್ನೆಗೆ ಒಂದು ಸುಳಿವು 1978ರಲ್ಲೇ ದೊರೆತಿತ್ತು: ಪ್ರಾಣಿಗಳ ಮಿದುಳಿನ ಮೇಲ್ಪದರಕ್ಕೆ ಕಬ್ಬಿಣದ ಲವಣವನ್ನು ಸೇರಿಸಿದಾಗ ಸೆಳವುಗಳು ಹುಟ್ಟಿದವು, ಎಂದರೆ ಸೋರಿದ ರಕ್ತವು ಕರಗಿದ ಮೇಲೂ ಉಳಿಯುವ ಕಬ್ಬಿಣವೇ ನರಕೋಶಗಳನ್ನು ಕೆರಳಿಸಬಲ್ಲುದು. ಈ ಶೇಷವನ್ನೂ ಅದರ ಸುತ್ತಣ ಗಾಯದ ಕಲೆಯನ್ನೂ ಗುರುತಿಸುವ ಶಕ್ತಿ ಎಂ.ಆರ್.ಐ. ಯಂತ್ರಕ್ಕೆ ಒದಗಿತು. ಲಖನೌದಲ್ಲಿ ರಾಕೇಶ್ ಗುಪ್ತಾ ಅವರ ಬಳಗವು, ಸಾಮಾನ್ಯ ಎಂ.ಆರ್.ಐ. ಚಿತ್ರವು ತೋರುವ ಎಲ್ಲೆಯ ಆಚೆಗೂ ಹಾನಿಯು ಹಬ್ಬಿರುವುದನ್ನು ವಿಶೇಷ ವಿಧಾನಗಳಿಂದ ಪರೀಕ್ಷಿಸಿ, 2005ರಲ್ಲಿ ನೀರಿನ ಅಣುಗಳ ಚಲನೆಯನ್ನು ಅಳೆಯುವ ಚಿತ್ರಣವನ್ನೂ ಈ ರೋಗಕ್ಕೆ ಅನ್ವಯಿಸಿತು. ಈಗಲಾದರೋ, ಮಿದುಳಿನ ಭಾಗಗಳ ಪರಸ್ಪರ ಸಂಬಂಧವೇ ಸಂಶೋಧನೆಯ ವಿಷಯವಾಗಿದ್ದು, 2017ರಲ್ಲಿ ಆರಂಭವಾದ ಎಪಿಬಯೋಸ್ ಎಂಬ ಅಂತಾರಾಷ್ಟ್ರೀಯ ಯೋಜನೆಯು ಚಿತ್ರ, ರಕ್ತ ಮತ್ತು ಮಿದುಳಿನ ವಿದ್ಯುತ್‌ಲೇಖನಗಳನ್ನು ಒಟ್ಟಿಗೆ ತೂಗಿನೋಡಲು ಹೊರಟಿತು.

ಆದರೆ ಅಪಾಯವನ್ನು ಅರಿತ ಮಾತ್ರಕ್ಕೆ ಅದನ್ನು ತಡೆದಂತಾಗದು. ಫೆನಿಟಾಯಿನ್ ಔಷಧವು ಮೊದಲ ವಾರದ ಸೆಳವನ್ನು ತಗ್ಗಿಸುವುದಾದರೂ ಮುಂದಣ ಅಪಸ್ಮಾರವನ್ನು ತಡೆಯದೆಂದು 1990ರ ಪರೀಕ್ಷೆಯೊಂದು ಸ್ಥಾಪಿಸಿತು. ಅದನ್ನು ತಡೆಯತಕ್ಕ ಮದ್ದು ಇಂದಿಗೂ ದೊರೆತಿಲ್ಲ. ಹಾಗಿದ್ದರೆ ಚಿತ್ರಣದ ಪ್ರಯೋಜನವೇನು? ಹೊಸ ಮದ್ದುಗಳ ಪರೀಕ್ಷೆಗೆ ಯೋಗ್ಯರಾದವರನ್ನು ಆಯಲು, ಅದಕ್ಕಿಂತ ಮಿಗಿಲಾಗಿ ಗಾಯಾಳುವನ್ನೂ ಅವನ ಮನೆಯವರನ್ನೂ ಎಚ್ಚರಿಸಲು ಅದು ಉಪಯುಕ್ತ. ಕಾಲುವೆಗೆ ಇಳಿಯುವವನಿಗೂ, ಯಂತ್ರ ನಡೆಸುವವನಿಗೂ, ಲಾರಿ ಓಡಿಸುವವನಿಗೂ ಈ ಎಚ್ಚರಿಕೆಯು ಜೀವರಕ್ಷಕವಾದುದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1,02,557 ಮಂದಿಯನ್ನು ಸಮೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಗಣನೆಯಲ್ಲಿ, ಸಕಲ ಕಾರಣಗಳ ಅಪಸ್ಮಾರವು ಸಾವಿರಕ್ಕೆ ನಗರದಲ್ಲಿ 5.7, ಹಳ್ಳಿಗಳಲ್ಲಿ 11.9ರಷ್ಟಿತ್ತು. ರೋಗವು ಹಳ್ಳಿಯಲ್ಲಿ ಹೆಚ್ಚು, ತಜ್ಞರು ನಗರದಲ್ಲಿ ಹೆಚ್ಚು. ನಮ್ಮ ಸೀಮೆಯಿಂದ ನಿಮ್ಹಾನ್ಸ್ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದುದರಿಂದ 1961ರಲ್ಲಿ ಹುಟ್ಟಿದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಹೊಸಪೇಟೆಯ ಆಸ್ಪತ್ರೆಗಳು, ಪೆಟ್ಟಿನ ದಿನ ತೆಗೆದ ಸಿ.ಟಿ. ಚಿತ್ರವನ್ನು ಜೋಪಾನವಾಗಿರಿಸಿ, ತೀವ್ರ ಗಾಯಾಳುಗಳನ್ನು ವರ್ಷಗಳವರೆಗೆ ಮರಳಿ ಕರೆದು ವಿಚಾರಿಸುವ ಪದ್ಧತಿಯನ್ನು ಕೈಗೊಳ್ಳಬೇಕು. ದೂರದ ಪ್ರಯೋಗಾಲಯಗಳು ಗಳಿಸಿದ ಜ್ಞಾನವು ಇಲ್ಲಿನ ಬಡ ಗಾಯಾಳುವಿಗೆ ಫಲಿಸುವುದು ಅಂಥ ನಿಷ್ಠೆಯ ಅನುಸರಣೆಯಿಂದಲೇ.