ಪದಬಂಧದಿಂದ ಲೂಟ್ ಬಾಕ್ಸ್‌ವರೆಗೆ: ಜೂಜಿನ ಗೆರೆ ಎಲ್ಲಿದೆ?

ಮೊಬೈಲ್ ಗೇಮ್‌ಗಳಲ್ಲಿ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಗಳಿರುತ್ತವೆ. ಒಳಗೆ ಅಪರೂಪದ ಬಂದೂಕು ಬರಬಹುದು, ಕೆಲಸಕ್ಕೆ ಬಾರದ ಟೋಪಿಯೂ ಬರಬಹುದು. ಏನು ಬರುತ್ತದೆಂದು ದುಡ್ಡು ಕೊಡುವವನಿಗೆ ಗೊತ್ತಿರುವುದಿಲ್ಲ. ಇದಕ್ಕೆ ಲೂಟ್ ಬಾಕ್ಸ್ ಎನ್ನುತ್ತಾರೆ. ಇದು ಆಟವೋ, ಜೂಜೋ? ಇಂಥದ್ದೇ ಪ್ರಶ್ನೆ ಹಿಂದೊಮ್ಮೆ ಬೆಂಗಳೂರಿನ ಪತ್ರಿಕೆಯೊಂದರಿಂದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು.

ಆಗಿನ ಮೈಸೂರು ರಾಜ್ಯದ ಬೆಂಗಳೂರಿನಲ್ಲಿ ‘ಸ್ಪೋರ್ಟಿಂಗ್ ಸ್ಟಾರ್’ ಅಚ್ಚಾಗುತ್ತಿತ್ತು. ಅದರಲ್ಲಿ ಬಹುಮಾನದ ಪದಬಂಧ; ಶುಲ್ಕ ಕಟ್ಟಿ ಉತ್ತರ ಕಳಿಸಬೇಕು. ಬೊಂಬಾಯಿ ರಾಜ್ಯದಲ್ಲಿ ಅದಕ್ಕೆ ಭಾರಿ ಗಿರಾಕಿ. 1952ರಲ್ಲಿ ಬೊಂಬಾಯಿ ಸರ್ಕಾರ ಕಾನೂನು ತಿದ್ದಿ, ಹೊರರಾಜ್ಯದ ಪತ್ರಿಕೆಗಳ ಸ್ಪರ್ಧೆಗಳಿಗೂ ತೆರಿಗೆ ಹಾಕಿತು. ವ್ಯಾಪಾರ ಮಾಡುವುದು ನಮ್ಮ ಹಕ್ಕು ಎಂದು ಕಂಪನಿ ವಾದಿಸಿತು.

1957ರ ಏಪ್ರಿಲ್ 9ರಂದು ತೀರ್ಪು ಬಂತು. ಆ ಪದಬಂಧದಲ್ಲಿ ಜಾಣತನಕ್ಕೆ ಬೆಲೆಯಿರಲಿಲ್ಲ. ಮೊದಲೇ ಆರಿಸಿಟ್ಟ ಉತ್ತರಕ್ಕೆ ತಾಳೆಯಾದರೆ ಬಹುಮಾನ. ಹಾಗಾಗಿ ಅದು ಜೂಜು, ಜೂಜು ವ್ಯಾಪಾರವಲ್ಲ ಎಂದಿತು ಕೋರ್ಟ್. ಅದೇ ದಿನದ ಇನ್ನೊಂದು ತೀರ್ಪಿನಲ್ಲಿ, ಕೌಶಲ್ಯವೇ ಮುಖ್ಯವಾದ ಸ್ಪರ್ಧೆ ಜೂಜಲ್ಲ ಎಂದಿತು. ಇಂದಿಗೂ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ವಾದಗಳು ಸುತ್ತುವುದು ಇದರ ಸುತ್ತಲೇ.

ಈ ಅಳತೆಯಲ್ಲಿ ಲೂಟ್ ಬಾಕ್ಸ್ ತೂಗಿ ನೋಡಿ. ದುಡ್ಡು ಇದೆ, ಅದೃಷ್ಟ ಇದೆ, ಕೌಶಲ್ಯ ಇಲ್ಲ. ತಕರಾರಿರುವುದು ಬಹುಮಾನದ ಬಗ್ಗೆ: ಪರದೆಯೊಳಗಿನ ಬಂದೂಕಿಗೆ ಬೆಲೆ ಇದೆಯೇ?

ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಬಿಡಿ ಬಿಡಿ ವಸ್ತುಗಳ ಸೆಟ್ ಪೂರ್ತಿ ಮಾಡಿದರೆ ದೊಡ್ಡ ಬಹುಮಾನ ಕೊಡುವ ‘ಕೊಂಪು ಗಾಚಾ’ವನ್ನು 2012ರಲ್ಲಿ ಜಪಾನ್ ತಡೆಯಿತು, ಆದರೆ ಜೂಜಿನ ಕಾನೂನಿನಡಿ ಅಲ್ಲ, ಗ್ರಾಹಕರ ಕಾನೂನಿನಡಿ. 2017ರಲ್ಲಿ ಚೀನಾ, ಯಾವುದು ಎಷ್ಟು ಸಲಕ್ಕೊಮ್ಮೆ ಬರುತ್ತದೆಂದು ಕಂಪನಿಗಳೇ ಹೇಳಬೇಕೆಂದಿತು. 2018ರಲ್ಲಿ ಬೆಲ್ಜಿಯಂ ನೇರವಾಗಿ ಜೂಜು ಎಂದಿತು. ನೆದರ್ಲೆಂಡ್ಸ್ ಫಿಫಾ ಆಟದ ಕಂಪನಿಗೆ 1 ಕೋಟಿ ಯೂರೋ ದಂಡ ಹಾಕಲು ಹೊರಟಿತ್ತು; 2022ರಲ್ಲಿ ಅಲ್ಲಿನ ಕೋರ್ಟ್, ಪೆಟ್ಟಿಗೆ ಪ್ರತ್ಯೇಕ ಆಟವಲ್ಲ, ಫುಟ್‌ಬಾಲ್ ಆಟದ ಭಾಗ ಎಂದು ಅದನ್ನು ರದ್ದು ಮಾಡಿತು.

ನಮ್ಮ ದೇಶದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಗೆಲ್ಲುವ ಆಸೆಯ ಆಟಗಳನ್ನು ನಿಷೇಧಿಸಿತು. ಅದರಲ್ಲಿ ಲೂಟ್ ಬಾಕ್ಸ್ ಎಂಬ ಹೆಸರಿಲ್ಲ.

2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಂತಾಗ ಬಸ್‌ಸ್ಟ್ಯಾಂಡಿನ ಅಂಗಡಿಗಳು ಮುಚ್ಚಿದವು. ಈಗಿನ ಅಂಗಡಿ ಅಪ್ಪನ ಫೋನಿನಲ್ಲಿದೆ, ಗಿರಾಕಿ ಆರನೇ ಕ್ಲಾಸಿನ ಹುಡುಗ. ಜೂಜು ಎಂಬ ಹಣೆಪಟ್ಟಿಗಾಗಿ ಕಾಯುವುದು ಬೇಡ ಎನ್ನುತ್ತೇವೆ ನಾವು. ಮಕ್ಕಳಿಗೆ ಮಾರಬಾರದು, ಏನು ಸಿಗುವ ಸಾಧ್ಯತೆ ಎಷ್ಟೆಂದು ಕನ್ನಡದಲ್ಲೇ ತೋರಿಸಬೇಕು. ಇವೆರಡು ನಿಯಮ ಮೊದಲು ಬರಲಿ. ಅಲ್ಲಿಯತನಕ ಯುಪಿಐ ಪಿನ್ ಮಕ್ಕಳ ಕೈಗೆ ಕೊಡಬೇಡಿ.