ಅರವತ್ತೆಂಟು ದಿನದ ಆತುರ

ಒಂದು ವಾರದಿಂದ ತಲೆಯಲ್ಲಿ ಒಂದೇ ಹುಳ. ಹೊಸ ಫ್ಲ್ಯಾಗ್‌ಶಿಪ್ ಫೋನ್ ತಗೊಳ್ಳೋದೋ ಬೇಡವೋ? ಬೆಲೆ ಲಕ್ಷದ ಮೇಲೆ. ಸಾಫ್ಟ್‌ವೇರ್‌ನವನಲ್ವಾ, ಇ.ಎಂ.ಐ. ಲೆಕ್ಕಕ್ಕೆ ಒಂದು ಎಕ್ಸೆಲ್ ಹಾಳೆಯನ್ನೂ ಮಾಡಿಟ್ಟಿದ್ದೆ (ನಗಬೇಡಿ!). ಊರಿಗೆ ಫೋನ್ ಮಾಡಿದಾಗ ಅಮ್ಮನ ಹತ್ತಿರ ಬಾಯಿಬಿಟ್ಟೆ. "ಈಗಿರೋದಕ್ಕೆ ಏನಾಗಿದ್ಯೋ? ಮಳೆಗಾಲಕ್ಕೆ ಮುಂಚೆ ಮನೆ ಹೆಂಚು ಬದಲಾಯಿಸಬೇಕು, ನೆನಪಿದೆ ತಾನೇ?" ಅಂದ್ಲು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಹುಡುಕುತ್ತಾ 2007ರವರೆಗೆ ಹಿಂದಕ್ಕೆ ಹೋದೆ. ಆಗ ನಾನಿನ್ನೂ ಶಾಲೆಗೆ ಹೋಗ್ತಿದ್ದ ಹುಡುಗ.

ಆ ವರ್ಷ ಜೂನ್ 29ಕ್ಕೆ ಅಮೆರಿಕದಲ್ಲಿ ಮೊದಲ ಐಫೋನ್ ಮಾರಾಟಕ್ಕೆ ಬಂತು. 8 ಜಿಬಿ ಫೋನಿಗೆ 599 ಡಾಲರ್, ಜೊತೆಗೆ ಎಟಿ ಅಂಡ್ ಟಿ ಕಂಪನಿಯ ಎರಡು ವರ್ಷದ ಕರಾರು. ಜನ ಅಂಗಡಿ ಮುಂದೆ ಸಾಲು ನಿಂತು ಕೊಂಡರು. ಸೆಪ್ಟೆಂಬರ್ 5ಕ್ಕೆ, ಅಂದ್ರೆ 68 ದಿನಕ್ಕೆ, ಅದೇ ಫೋನಿನ ಬೆಲೆ 399 ಡಾಲರ್! ಮೊದಲೇ ಕೊಂಡವರು ಸಿಟ್ಟಿಗೆದ್ದರು. ಮರುದಿನವೇ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು, ಆಪಲ್ ಅಂಗಡಿಯಲ್ಲಿ ಖರ್ಚು ಮಾಡಲು 100 ಡಾಲರ್ ಕೊಡ್ತೀವಿ ಅಂತ ಸಮಾಧಾನ ಮಾಡಬೇಕಾಯ್ತು.

ಅಷ್ಟು ಕೊಟ್ಟವರಿಗೆ ಸಿಕ್ಕಿದ್ದಾದರೂ ಏನು? 3ಜಿ ಇಲ್ಲ, ವಿಡಿಯೋ ತೆಗೆಯೋಕೆ ಆಗಲ್ಲ, ಕಾಪಿ-ಪೇಸ್ಟ್ ಕೂಡ ಇಲ್ಲ. ಕ್ಯಾಮೆರಾ 2 ಮೆಗಾಪಿಕ್ಸೆಲ್. ಅದೇ ವರ್ಷ ಬಂದ ನೋಕಿಯಾ ಎನ್95ನಲ್ಲಿ 5 ಮೆಗಾಪಿಕ್ಸೆಲ್ ಕ್ಯಾಮೆರಾ, 3ಜಿ, ಜಿಪಿಎಸ್ ಎಲ್ಲವೂ ಇತ್ತು. ನನ್ನಂಥವನು ಎಕ್ಸೆಲ್ ಹಾಳೆಯಲ್ಲಿ ಹೋಲಿಸಿದ್ದರೆ ನೋಕಿಯಾನೇ ಗೆಲ್ತಿತ್ತು. ಆದ್ರೆ ಬೆರಳಲ್ಲೇ ನಡೆಯುವ ಆ ಗಾಜಿನ ಪರದೆಯ ದಾರಿಯನ್ನೇ ಮುಂದೆ ಎಲ್ಲರೂ ಹಿಡಿದರು. ಹಾಗಾಗಿ ಕೊಂಡವರು ದಡ್ಡರು ಅಂತ ಹೇಳಲಾರೆ. ಆದ್ರೆ ಅವರು ಕಾಯ್ತಿದ್ದ ಎಷ್ಟೋ ಸೌಲಭ್ಯ ಬಂದದ್ದು ಆಮೇಲೆ, ಅದೂ ಅದೇ ಹಳೇ ಫೋನಿಗೆ: ಆಪ್ ಸ್ಟೋರ್ 2008ರ ಜುಲೈನಲ್ಲಿ, ಕಾಪಿ-ಪೇಸ್ಟ್ 2009ರ ಜೂನ್‌ನಲ್ಲಿ. ಎರಡೂ ಬರೀ ಅಪ್‌ಡೇಟ್!

ನಮ್ಮ ದೇಶಕ್ಕೆ ಐಫೋನ್ 3ಜಿ ಬಂದಿದ್ದು 2008ರ ಆಗಸ್ಟ್ 22ಕ್ಕೆ. 8 ಜಿಬಿಗೆ 31,000 ರೂಪಾಯಿ. ಅಮೆರಿಕದಲ್ಲಿ ಕರಾರಿನ ಜೊತೆ 199 ಡಾಲರ್ ಇದ್ದದ್ದು! ಅಷ್ಟು ಸುರಿದು ತಂದ ಫೋನಿನಲ್ಲಿ ಕನ್ನಡ ಬರೆಯೋಕೆ ಕೀಲಿಮಣೆ ಇರಲಿಲ್ಲ. ಆಂಡ್ರಾಯ್ಡ್ ಕಡೆ ಕನ್ನಡಕ್ಕೆ ಬೆಂಬಲ 2012ರ 4.1 ಆವೃತ್ತಿಯಲ್ಲಿ ಬಂತು. ಆಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರ ಐಓಎಸ್ 11ರಲ್ಲಿ. ಅದು 2013ರ ಐಫೋನ್ 5ಎಸ್‌ಗೂ ಸಿಕ್ಕಿತು. ಬ್ಲಾಗ್ ಬರೆಯುವ ನಮಗೆ ಎಲ್ಲಕ್ಕಿಂತ ಬೇಕಾಗಿದ್ದ ಸೌಲಭ್ಯ ನಾಲ್ಕು ವರ್ಷ ಹಳೇ ಫೋನಿಗೆ ಪುಕ್ಕಟೆ ಬಂತು ನೋಡಿ.

ಇನ್ನೊಂದು ಕಥೆ. ಫೋನ್ ಏಕಾಏಕಿ ಆಫ್ ಆಗದಿರಲಿ ಅಂತ, ಬ್ಯಾಟರಿ ಸವೆದ ಕೆಲವು ಐಫೋನ್‌ಗಳ ವೇಗವನ್ನು ತಂತ್ರಾಂಶದಿಂದ ತಗ್ಗಿಸುತ್ತಿದ್ದೇವೆ ಅಂತ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಕ್ಷಮೆ ಕೇಳಿ, ಬ್ಯಾಟರಿ ಬದಲಾಯಿಸುವ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. ಫೋನ್ ಮುದಿಯಾಯ್ತು ಅಂದ್ಕೊಂಡಿದ್ದ ಎಷ್ಟೋ ಜನಕ್ಕೆ ಬೇಕಾಗಿದ್ದದ್ದು ಬರೀ ಒಂದು ಬ್ಯಾಟರಿ.

ಇದನ್ನೆಲ್ಲ ಓದಿ ನನ್ನ ಫೋನನ್ನೇ ತೆಗೆದು ನೋಡಿದೆ. ಅಪ್‌ಡೇಟ್ ಬರ್ತಿದೆ, ಕನ್ನಡ ಚೆನ್ನಾಗಿದೆ, ಫೋಟೋ ಪರವಾಗಿಲ್ಲ. ಸಂಜೆ ನಾಲ್ಕಕ್ಕೆ ಚಾರ್ಜ್ ಮುಗಿಯುತ್ತೆ, ಅಷ್ಟೇ. ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿತು: ಬ್ಯಾಟರಿ ಹೋಗಿದೆ, ಇನ್ನೇನೂ ಆಗಿಲ್ಲ.

ಈ ಶನಿವಾರ ಬ್ಯಾಟರಿ ಹಾಕಿಸ್ತೀನಿ. ಎಕ್ಸೆಲ್ ಹಾಳೆ ಅಳಿಸಿಲ್ಲ, ಅದರಲ್ಲೀಗ ಹೆಂಚಿನ ಲೆಕ್ಕ ನಡೀತಿದೆ. ಹೊಸ ಫೋನು ಎಲ್ಲಿಗೂ ಓಡಿಹೋಗಲ್ಲ. ಕಾದಷ್ಟೂ ಅಗ್ಗ ಆಗುತ್ತೆ, ಮಳೆ ಮಾತ್ರ ಕಾಯಲ್ಲ.

ನಿಮ್ಮ ಫೋನಿಗೆ ಎಷ್ಟು ವರ್ಷ? ನಿಜವಾಗಿ ಅದಕ್ಕೆ ಏನಾಗಿದೆ?